ವ್ಯೂ ಇರುವ ಜಾಗ ಬಿಡಿ, ಹಳೆ ಕಣದಲ್ಲಿ ಮನೆ ಕಟ್ಟಿ

ಪ್ರಶ್ನೆ: ಕಕ್ಕಬ್ಬೆ ಹತ್ತಿರ ಅಜ್ಜನ ಕಾಲದ ನಾಲ್ಕು ಎಕರೆ ಕಾಫಿ ತೋಟ ನನ್ನ ಪಾಲಿಗೆ ಬಂದಿದೆ. ನಾವಿರುವುದು ಬೆಂಗಳೂರಿನಲ್ಲಿ. ಈಗ ರಜೆಗೆ ಬಂದು ಹೋಗಲು, ರಿಟೈರ್ ಆದ ಮೇಲೆ ಅಲ್ಲೇ ಇರಲು ಒಂದು ಚಿಕ್ಕ ಮನೆ ಕಟ್ಟಬೇಕು. ಪರಿಸರಕ್ಕೆ ಹೊಂದುವಂತಿರಬೇಕು ಎಂಬುದು ನಮ್ಮ ಆಸೆ. ತೋಟದ ಮೇಲ್ತುದಿಯಲ್ಲಿ ತಡಿಯಂಡಮೋಳ್ ಬೆಟ್ಟ ಚೆನ್ನಾಗಿ ಕಾಣುವ ಜಾಗ ಇದೆ. ಜೆಸಿಬಿ ತಂದು ಮಟ್ಟ ಮಾಡಿ, ಮುಂದೆ ಪೂರ್ತಿ ಗಾಜು ಹಾಕೋಣ ಎನ್ನುತ್ತಾರೆ ಕಂಟ್ರಾಕ್ಟರ್. ಹೆಂಡತಿಗೆ ಮಣ್ಣಿನ ಮನೆ ಇಷ್ಟ. ಅಪ್ಪನಿಗೆ ಐನ್‌ಮನೆ, ಅಂದರೆ ಕೊಡವ ಕುಟುಂಬಗಳ ಹಳೆಯ ಮೂಲಮನೆ ತರಹ ಇರಬೇಕು. ಕೆಳಗೆ ಗದ್ದೆ ಕಡೆಗೆ ಕಾಫಿ ಒಣಗಿಸುತ್ತಿದ್ದ ಹಳೆಯ ಕಣ, ತೋಟದ ಆಳುಗಳಿದ್ದ ಅರ್ಧ ಬಿದ್ದ ಲೈನ್ ಮನೆ, ಒಂದು ಬಾವಿಯೂ ಇವೆ. ಹೇಗೆ ಮಾಡಿದರೆ ಸರಿ? ಮುಂದೆ ಹೋಂಸ್ಟೇ ಮಾಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ನೀವು ಕೊನೆಗೆ ಸುಮ್ನೆ ಸೇರಿಸಿದ ಮಾತಿನ ಮೇಲೆ. ಹಳೆ ಕಣ, ಲೈನ್ ಮನೆ, ಬಾವಿ. ನಿಮ್ಮ ಮನೆಯ ಜಾಗ ಅದೇ. ಮಣ್ಣೋ, ಕಲ್ಲೋ, ಹಂಚೋ ಎಂಬುದೆಲ್ಲ ಆಮೇಲಿನ ಮಾತು. ಕೊಡಗಿನ ಮಳೆ ಸೀಮೆಯಲ್ಲಿ ಒಂದು ಮನೆ ನೆಲಕ್ಕೆ ಹೊಂದಿತೋ ಇಲ್ಲವೋ ಎಂದು ತಿಳಿಯಲು ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಎಷ್ಟು ಮಣ್ಣು ಕಡಿದಿರಿ? ಮಳೆ ನೀರನ್ನು ಎಲ್ಲಿಗೆ ಬಿಟ್ಟಿರಿ?

ಮೊದಲು ಆ ಮೇಲಿನ ಜಾಗದ ಲೆಕ್ಕ ನೋಡೋಣ. ಇಳಿಜಾರು ಎಷ್ಟಿದೆ ಎಂದು ನೀವು ಬರೆದಿಲ್ಲ. ಮೂರು ಅಡಿ ನಡೆದರೆ ಒಂದು ಅಡಿ ಇಳಿಯುವಂಥದ್ದು ಅಂದುಕೊಳ್ಳಿ, ಆ ಕಡೆಯ ತೋಟಗಳಲ್ಲಿ ಇದು ಜಾಸ್ತಿ ಏನೂ ಅಲ್ಲ. ಅಲ್ಲಿ ಮನೆಗೂ ಅಂಗಳಕ್ಕೂ ಸೇರಿ 45 ಅಡಿ ಅಗಲದ ಮಟ್ಟ ಬೇಕೆಂದರೆ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ 15 ಅಡಿ ಎತ್ತರದ ವ್ಯತ್ಯಾಸ. ಜೆಸಿಬಿಯವರು ಏನು ಮಾಡುತ್ತಾರೆ? ಅರ್ಧ ಕಡಿದು, ಆ ಮಣ್ಣನ್ನು ಮುಂದಕ್ಕೆ ತಳ್ಳಿ ಇನ್ನರ್ಧ ತುಂಬುತ್ತಾರೆ. ಮನೆಯ ಹಿಂದೆ ಏಳೂವರೆ ಅಡಿ ಬರೆ, ಅಂದರೆ ಕಡಿದ ಮಣ್ಣಿನ ಗೋಡೆ ನಿಲ್ಲುತ್ತದೆ. ಮುಂದೆ ಏಳೂವರೆ ಅಡಿ ಸಡಿಲ ಮಣ್ಣು. ಅರವತ್ತು ಅಡಿ ಉದ್ದಕ್ಕೆ ಲೆಕ್ಕ ಹಾಕಿದರೆ ಕಡಿಯುವ ಮಣ್ಣೇ ಸುಮಾರು 5000 ಘನ ಅಡಿ. ಕೆಲಸ ಒಂದೆರಡು ದಿನದಲ್ಲಿ ಮುಗಿಯುತ್ತದೆ, ನೋಡಲು ಚೆಂದವಾಗಿಯೂ ಇರುತ್ತದೆ. ತೊಂದರೆ ಶುರುವಾಗುವುದು ಮುಂದಿನ ಜುಲೈಯಲ್ಲಿ. ಹಿಂದಿನ ಬರೆಯ ಬುಡದಲ್ಲಿ ನೀರು ಜಿನುಗುತ್ತದೆ. ಮುಂದಿನ ತುಂಬಿದ ಮಣ್ಣು ಕೂರುತ್ತದೆ. ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ನಿಂತ ಮನೆ ಸರಿಯಾಗಿ ನಡುವೆ ಬಿರುಕು ಬಿಡುತ್ತದೆ.

ಕೊಡಗಿನ ಬೆಟ್ಟಗಳಲ್ಲಿ ಮೇಲೆ ದಪ್ಪಗೆ ಕೆಂಪು ಮಣ್ಣು, ಅದರಡಿ ಕೊಳೆತ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ಇಳಿದ ಮಳೆ ನೀರು ಬಂಡೆಯ ಮೇಲೆ ತಡೆದು ನಿಲ್ಲುತ್ತದೆ, ಅಲ್ಲಿಂದ ಅಡ್ಡಕ್ಕೆ ಹರಿಯುತ್ತದೆ. ನೀರು ಜಾಸ್ತಿಯಾದಷ್ಟೂ ಮೇಲಿನ ಮಣ್ಣಿನ ಭಾರ ಏರುತ್ತದೆ, ಹಿಡಿತ ಸಡಿಲವಾಗುತ್ತದೆ. ಕೆಳಗಿನಿಂದ ಆ ಮಣ್ಣಿಗೆ ಆಸರೆಯಾಗಿದ್ದ ಭಾಗವನ್ನೇ ನಾವು ಕಡಿದಿದ್ದರೆ ಅದು ಜಾರದೆ ಇನ್ನೇನು ಮಾಡೀತು? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು, ಹಟ್ಟಿಹೊಳೆ ಕಡೆ ಆದದ್ದನ್ನು ನೀವು ಟಿವಿಯಲ್ಲಾದರೂ ನೋಡಿರುತ್ತೀರಿ. ಮರು ವರ್ಷ ವಿರಾಜಪೇಟೆ ಹತ್ತಿರದ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ. ಮಳೆ ವಿಪರೀತ ಬಂದದ್ದು ನಿಜ. ಆದರೆ 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ, ರಸ್ತೆಗೆ, ಮನೆಗೆ ಎಂದು ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಹೇಳಿತ್ತು. ಹಾಗಂತ ಕಡಿಯದ ಬೆಟ್ಟ ಜಾರುವುದೇ ಇಲ್ಲ ಎಂದಲ್ಲ, ದಟ್ಟ ಕಾಡಿರುವ ಬೆಟ್ಟವೂ ಜಾರಿದ್ದುಂಟು. ನಮ್ಮ ಕೈಯಲ್ಲಿರುವುದು ಕಡಿಯದೆ ಇರುವುದೊಂದೇ.

ಈಗ ಕಣಕ್ಕೆ ಬನ್ನಿ. ನಿಮ್ಮ ಅಜ್ಜನ ಕಾಲದವರು ಕಾಫಿ ಒಣಗಿಸಲು ಆರಿಸಿದ ಜಾಗ ಅದು. ಅಂದರೆ ಬಿಸಿಲು ಚೆನ್ನಾಗಿ ಬೀಳುತ್ತದೆ, ನೀರು ನಿಲ್ಲುವುದಿಲ್ಲ, ಜೀಪು ಬರುತ್ತದೆ. ಮಟ್ಟ ಮಾಡಿ ಎಷ್ಟೋ ಮಳೆಗಾಲ ಕಳೆದಿರುವುದರಿಂದ ಮಣ್ಣು ಕೂತಿದೆ. ಹೊಸದಾಗಿ ಮರ ಕಡಿಯುವ ಪ್ರಶ್ನೆಯೇ ಇಲ್ಲ. ಕುಡಿಯುವ ನೀರು ಪಕ್ಕದಲ್ಲೇ ಇದೆ. ಬಿದ್ದ ಲೈನ್ ಮನೆಯ ಪಾಯದ ಕಲ್ಲು, ಹಂಚು, ಗಟ್ಟಿ ಇರುವ ಮರ ಎಲ್ಲ ನಿಮಗೇ ಸಿಗುತ್ತದೆ. ಹೊಸ ಸಾಮಾನು ಕಡಿಮೆ ತರುವುದಕ್ಕಿಂತ ದೊಡ್ಡ ಪರಿಸರ ಕಾಳಜಿ ನನಗೆ ಗೊತ್ತಿಲ್ಲ.

ಆದರೂ ಕಣ್ಣುಮುಚ್ಚಿ ಒಪ್ಪಬೇಡಿ. ಕಣದ ಹಿಂದೆ ಹಳೆಯ ಬರೆ ಇರುತ್ತದೆ. ಅದರ ಮೇಲೆ ಹತ್ತಿ ನಡೆಯಿರಿ. ಮರಗಳ ಬುಡ ಬಿಲ್ಲಿನಂತೆ ಬಾಗಿ ಆಮೇಲೆ ನೆಟ್ಟಗಾಗಿದೆಯಾ ನೋಡಿ. ಒಂದೆರಡು ಮರ ಹಾಗಿದ್ದರೆ ಪರವಾಗಿಲ್ಲ, ಸಾಲಾಗಿ ಎಲ್ಲವೂ ಹಾಗಿದ್ದರೆ ಅಲ್ಲಿನ ಮಣ್ಣು ವರ್ಷ ವರ್ಷವೂ ಕೆಳಗೆ ಸರಿಯುತ್ತಿದೆ ಎಂದೇ ಅರ್ಥ. ನೆಲದಲ್ಲಿ ಅರ್ಧ ಚಂದ್ರದಂಥ ಬಿರುಕು, ವಾಲಿದ ಬೇಲಿ ಕಂಬ, ಮೊದಲು ಇಲ್ಲದ ಕಡೆ ಹೊಸ ಒರತೆ, ಒರತೆಯ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಇವೆಲ್ಲ ಒಳ್ಳೆಯ ಲಕ್ಷಣ ಅಲ್ಲ. ತೋಟದ ಲೆಕ್ಕ ಬರೆಯುವ ರೈಟರ್, ಪಕ್ಕದ ಮನೆಯ ಹಿರಿಯರು ಇಂಥದ್ದನ್ನು ಯಾವ ಎಂಜಿನಿಯರಿಗಿಂತ ಮೊದಲು ಗಮನಿಸಿರುತ್ತಾರೆ. 2018ರಲ್ಲಿ, 2019ರಲ್ಲಿ ಅಲ್ಲಿ ಏನಾಯಿತು ಎಂದು ಅವರನ್ನು ಕೇಳಿ. ಅನುಮಾನ ಬಂದರೆ ಮಣ್ಣು ಪರೀಕ್ಷೆ ಮಾಡುವ ಸಿವಿಲ್ ಎಂಜಿನಿಯರನ್ನು ಕರೆಸಿ. ಗಾಜಿನ ಖರ್ಚಿನ ಮುಂದೆ ಅದು ಏನೇನೂ ಅಲ್ಲ.

ಇನ್ನೊಂದು ಮಾತು. ಕಣ ಗದ್ದೆ ಕಡೆಗಿದೆ ಎಂದಿದ್ದೀರಿ. ಕಣದಲ್ಲಿ ಕಟ್ಟಿ, ಗದ್ದೆಗೆ ಇಳಿಯಬೇಡಿ. ಬೇಸಾಯ ಬಿಟ್ಟ ಗದ್ದೆ ಒಣಗಿದಂತೆ ಕಂಡರೂ ಸುತ್ತಲ ಬೆಟ್ಟದ ನೀರು ಬಂದು ಸೇರುವುದು ಅಲ್ಲಿಗೇ. ಅದನ್ನು ಮಣ್ಣು ಹಾಕಿ ಎತ್ತರಿಸಿದರೆ ನಿಮ್ಮ ಬಾವಿಗೂ ಕುತ್ತು, ಕೆಳಗಿನ ತೋಟದವರಿಗೂ ಕುತ್ತು.

ಒಂದು ವೇಳೆ ಕಣದ ಜಾಗ ಸಾಲದೆ ಸ್ವಲ್ಪ ಇಳಿಜಾರಿಗೂ ಮನೆ ಚಾಚಬೇಕಾದರೆ, ಮನೆಯನ್ನು ಇಳಿಜಾರಿಗೆ ಅಡ್ಡವಾಗಿ ಉದ್ದಕ್ಕೆ ಎಳೆಯಿರಿ. ಒಂದು ಕೋಣೆ ಅಗಲ, ಮೂರು ನಾಲ್ಕು ಕೋಣೆ ಉದ್ದ. ಹದಿನಾರು ಅಡಿ ಅಗಲದ ಮನೆಗೆ ಸಿಗುವ ಇಳಿತ ಐದು ಅಡಿ ಚಿಲ್ಲರೆ. ಅದನ್ನು ಒಳಗೆ ಒಂಬತ್ತು ಹತ್ತು ಮೆಟ್ಟಿಲಿನಲ್ಲಿ ಹಂಚಬಹುದು, ಇಲ್ಲವೇ ಕೆಳಭಾಗವನ್ನು ಪಿಲ್ಲರ್ ಮೇಲೆ ನಿಲ್ಲಿಸಬಹುದು. ಪಿಲ್ಲರಿನ ಪಾಯ ಮಾತ್ರ ತುಂಬಿದ ಮಣ್ಣನ್ನು ದಾಟಿ ಗಟ್ಟಿ ನೆಲ ಮುಟ್ಟಲೇಬೇಕು.

ನೀರಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು, ಯಾಕೆಂದರೆ ಈಗ ಎಲ್ಲರ ಬಾಯಲ್ಲೂ ಇಂಗುಗುಂಡಿ. ಕೋಲಾರಕ್ಕೆ ಒಳ್ಳೆಯದಾದದ್ದು ಕಕ್ಕಬ್ಬೆಗೂ ಒಳ್ಳೆಯದು ಅನ್ನುವ ಹಾಗಿಲ್ಲ. ಕೊಡಗಿನೊಳಗೇ ನೋಡಿ, ಕುಶಾಲನಗರದ ಕಡೆ ವರ್ಷಕ್ಕೆ ಸುಮಾರು 1000 ಮಿಲಿಮೀಟರ್ ಮಳೆಯಾದರೆ ಮಡಿಕೇರಿಯಲ್ಲಿ 3000 ದಾಟುತ್ತದೆ, ಭಾಗಮಂಡಲದ ಕಡೆ ಅದಕ್ಕೂ ಎಷ್ಟೋ ಜಾಸ್ತಿ. ಕಡಿದಾದ ಇಳಿಜಾರಿನಲ್ಲಿ, ಅದೂ ಬರೆಯ ಮೇಲ್ಗಡೆ ಇಂಗುಗುಂಡಿ ತೋಡಿದರೆ, ಜಾರಲು ಕಾದಿರುವ ಮಣ್ಣಿಗೆ ನಾವೇ ನೀರು ಕುಡಿಸಿದಂತೆ. ನಿಮ್ಮ ಜಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಾಡಬೇಕಾದ ಕೆಲಸ ಒಂದೇ, ಮನೆಯ ಸುತ್ತಲಿನ ನೀರನ್ನು ಬೇಗ, ಮಣ್ಣು ಕೊಚ್ಚದ ಹಾಗೆ ಕೊಲ್ಲಿಗೋ (ತೊರೆಗೋ) ಕೆರೆಗೋ ತಲುಪಿಸುವುದು.

150 ಚದರ ಮೀಟರ್ ಮಾಡಿನ ಮೇಲೆ ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ 15,000 ಲೀಟರ್ ನೀರು. ಅಂಥ ದಿನ ಆ ಕಡೆ ಅಪರೂಪ ಅಲ್ಲ. ಅಷ್ಟನ್ನೂ ಸೂರಿನಿಂದ ಪಾಯದ ಬುಡಕ್ಕೇ ಸುರಿಯಲು ಬಿಡಬೇಡಿ. ಮನೆ ಸುತ್ತ ಕಲ್ಲು ಕಟ್ಟಿದ ಚರಂಡಿ ಇರಲಿ. ಬರೆಯ ಮೇಲ್ಗಡೆ ಇನ್ನೊಂದು ಚರಂಡಿ ಮಾಡಿ, ಮೇಲಿನ ತೋಟದ ನೀರು ಬರೆಗೆ ಬರುವ ಮೊದಲೇ ಪಕ್ಕಕ್ಕೆ ತಿರುಗಬೇಕು. ಅದು ಬರೀ ಮಣ್ಣಿನ ಚರಂಡಿ ಆದರೆ ನೀರು ಅಲ್ಲೇ ಇಳಿಯುತ್ತದೆ, ಹಾಗಾಗಿ ತಳಕ್ಕೆ ಕಲ್ಲು ಸಿಮೆಂಟು ಬೇಕು. ಬರೆಗೆ ತಡೆಗೋಡೆ ಕಟ್ಟುವುದಾದರೆ ನೀರು ಬಸಿಯುವ ತೂತುಗಳಿಲ್ಲದ ಕಾಂಕ್ರೀಟ್ ಗೋಡೆಯನ್ನು ಒಪ್ಪಲೇಬೇಡಿ. ಹಿಂದೆ ನಿಂತ ನೀರಿನ ಒತ್ತಡಕ್ಕೆ ಗೋಡೆ ಗೋಡೆಯೇ ಬೀಳುತ್ತದೆ. ತಂತಿ ಬಲೆಯಲ್ಲಿ ಕಾಡುಕಲ್ಲು ತುಂಬಿ ಪೇರಿಸುವ ಗೇಬಿಯನ್ ಗೋಡೆ ನನಗೆ ಹೆಚ್ಚು ಇಷ್ಟ, ಅದರ ಸಂದಿಯಲ್ಲೆಲ್ಲ ನೀರು ಬಸಿಯುತ್ತದೆ. ಬರೆಯ ಮೈಮೇಲೆ ಲಾವಂಚ ನೆಡಿ. ಬೇರು ನೇರ ಕೆಳಕ್ಕೆ ಇಳಿಯುತ್ತದೆ, ಮೇಲ್ಮಣ್ಣನ್ನು ಹಿಡಿಯುತ್ತದೆ. ಆದರೆ ಲಾವಂಚ ನೆಟ್ಟ ಮೇಲೆ ಬೆಟ್ಟ ಜಾರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬೇಸಿಗೆಗೆ ನೀರು ಹಿಡಿದಿಡುವುದು ಬೇರೆ ಮಾತು, ಅದು ಮಾಡಿ. ನಾಲ್ಕು ಜನಕ್ಕೆ ದಿನಕ್ಕೆ 400 ಲೀಟರ್ ಎಂದರೆ 20,000 ಲೀಟರಿನ ಮುಚ್ಚಿದ ತೊಟ್ಟಿ 50 ದಿನ ಬರುತ್ತದೆ. ಮಳೆಗಾಲದಲ್ಲಿ ತೊಟ್ಟಿಗೆ ಬರುವ ಪೈಪನ್ನು ತಿರುಗಿಸಿ ಬಿಡಿ. ಅಕ್ಟೋಬರಿನಲ್ಲಿ ತೊಳೆದು ಹಿಂಗಾರಿನ ಮಳೆಗೆ ತುಂಬಿಸಿಕೊಳ್ಳಿ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಇನ್ನೊಂದು ಕಂತು ಸಿಗುತ್ತದೆ. ಟಾಯ್ಲೆಟ್ಟಿನ ಗುಂಡಿ ಬಾವಿಯಿಂದ ಕನಿಷ್ಠ 60 ಅಡಿ ದೂರ, ಬಾವಿಗಿಂತ ಕೆಳಗೆ ಇರಲಿ. ಸ್ನಾನದ ನೀರು, ಪಾತ್ರೆ ತೊಳೆದ ನೀರು ಬಾಳೆಗೆ ಹೋಗಲಿ. ಆ ಬಾಳೆ ಮನೆಯ ಗೋಡೆಗೆ ಅಂಟಿಕೊಂಡಿರಬಾರದು, ಆನೆ ಬರುವ ಊರು ನಿಮ್ಮದು.

ಈಗ ನಿಮ್ಮ ಹೆಂಡತಿಯವರ ಮಣ್ಣಿನ ಮನೆ. ಆಗುತ್ತದೆ, ಚೆನ್ನಾಗಿಯೂ ಆಗುತ್ತದೆ. ಹಸಿ ಮಣ್ಣಿನ ಗೋಡೆ ಬೇಡ. ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಬಳಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕೆಂದು ಶುರುವಾದ ಅಸ್ತ್ರ ಕೇಂದ್ರ ಇದರ ಮೇಲೆ ಬಹಳ ಕೆಲಸ ಮಾಡಿದೆ. ಕೈಯಿಂದ ಒತ್ತುವ ಮರ್ದಿನಿ ಯಂತ್ರ ಅಲ್ಲಿನದೇ. ಇಟ್ಟಿಗೆಯನ್ನು ಸುಡುವುದಿಲ್ಲ, ಹಾಗಾಗಿ ಸೌದೆ ಖರ್ಚಿಲ್ಲ. ಪಾಯ ತೋಡಿದ ಮಣ್ಣೇ ಗೋಡೆಗೆ ಬರುತ್ತದೆ. ಕೆಂಪುಕಲ್ಲು (ಜಂಬಿಟ್ಟಿಗೆ) ಹೆಚ್ಚಾಗಿ ಕಣ್ಣೂರು, ದಕ್ಷಿಣ ಕನ್ನಡದ ಕಡೆಯಿಂದ ಲಾರಿಯಲ್ಲಿ ಘಟ್ಟ ಹತ್ತಿ ಬರುತ್ತದೆ. ಆ ಲೆಕ್ಕದಲ್ಲೂ ಮಣ್ಣಿನ ಇಟ್ಟಿಗೆ ಮೇಲು.

ಮಣ್ಣು ಹೊಂದುತ್ತದಾ ಎಂದು ನೀವೇ ಒಂದು ಸುತ್ತು ಪರೀಕ್ಷೆ ಮಾಡಿ. ಮೇಲಿನ ಒಂದು ಅಡಿ ಮಣ್ಣನ್ನು ಬಿಡಿ, ಅದರಲ್ಲಿ ಎಲೆ ಬೇರು ಕೊಳೆತಿರುತ್ತದೆ, ತೋಟಕ್ಕೇ ಲಾಯಕ್ಕು. ಅದರ ಕೆಳಗಿನದನ್ನು ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ. ನೀರು ತುಂಬಿ, ಒಂದು ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಇಡಿ. ಮರುದಿನ ನೋಡಿದರೆ ಪದರ ಪದರವಾಗಿ ಕೂತಿರುತ್ತದೆ. ತಳದಲ್ಲಿ ಮರಳು, ನಡುವೆ ನಯವಾದ ಪುಡಿಮಣ್ಣು, ಮೇಲೆ ಜೇಡಿ. ಇಟ್ಟಿಗೆಗೆ ಮರಳಿನ ಪಾಲು ಮೂರರಲ್ಲಿ ಎರಡರಷ್ಟು ಬೇಕು. ಜೇಡಿ ಜಾಸ್ತಿ ಕಂಡರೆ ಕ್ರಷರ್ ಪುಡಿ ಬೆರೆಸಬೇಕು. ಸಿಮೆಂಟು ನೂರಕ್ಕೆ 6ರಿಂದ 8 ಸಾಕು. ಮಾದರಿ ಇಟ್ಟಿಗೆ ಒತ್ತಿಸಿ, ಒದ್ದೆ ಗೋಣಿಚೀಲದಡಿ ಮೂರು ವಾರ ಇಟ್ಟು, ಆಮೇಲೆ ಒಂದು ರಾತ್ರಿ ನೀರಲ್ಲಿ ಮುಳುಗಿಸಿ. ಬೆಳಿಗ್ಗೆ ಅಂಚು ಉಗುರಿಗೆ ಉದುರಿದರೆ ಆ ಮಿಶ್ರಣ ಬೇಡ.

ಪಾಯ, ಮತ್ತು ನೆಲದಿಂದ ಎರಡು ಅಡಿ ತನಕ ಗೋಡೆ ಸೈಜು ಕಲ್ಲಿನದಿರಲಿ. ಮಳೆ ಹನಿ ನೆಲಕ್ಕೆ ಬಡಿದು ಸಿಡಿಯುವುದು ಅಷ್ಟು ಎತ್ತರಕ್ಕೆ. ಸೂರು ಗೋಡೆಯಿಂದ ಮೂರು ನಾಲ್ಕು ಅಡಿ ಹೊರಗೆ ಚಾಚಲಿ. ಮುಂಗಾರಿನ ಗಾಳಿಮಳೆ ಬರುವುದು ಪಶ್ಚಿಮ, ನೈಋತ್ಯದಿಂದ. ಆ ಕಡೆ ಕಿಟಕಿ ಕಡಿಮೆ ಮಾಡಿ. ಬಚ್ಚಲು, ಉಗ್ರಾಣ, ಸೌದೆ ಕೊಟ್ಟಿಗೆ ಆ ಕಡೆಗೆ ಬರಲಿ, ಮೊದಲ ಹೊಡೆತವನ್ನು ಅವು ತಿನ್ನಲಿ. ಮಾಡಿಗೆ ಮಂಗಳೂರು ಹಂಚು, ಇಳಿಜಾರು 30 ಡಿಗ್ರಿಗೆ ಕಡಿಮೆ ಬೇಡ. ಪಕಾಸು, ರೀಪಿಗೆ ಸಿಲ್ವರ್ ಓಕ್ ಸಾಕು ಎಂದು ಯಾರಾದರೂ ಹೇಳುತ್ತಾರೆ. ಸರಿಯಾಗಿ ಒಣಗಿಸಿ, ಗೆದ್ದಲಿನ ಔಷಧಿ ಉಣಿಸದಿದ್ದರೆ ಅದು ಬಾಳುವುದಿಲ್ಲ. ಕಬ್ಬಿಣದ ಟ್ರಸ್ ಹಾಕಿದರೆ ಪರಿಸರ ದ್ರೋಹವೇನೂ ಆಗುವುದಿಲ್ಲ.

ಅಪ್ಪನವರ ಐನ್‌ಮನೆ ಆಸೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಈಗ ರೆಸಾರ್ಟುಗಳಲ್ಲಿ ಕಾಣುವ ಐನ್‌ಮನೆ ಬರೀ ವೇಷ. ಕಾಂಕ್ರೀಟ್ ಕಂಬಕ್ಕೆ ಮರದ ಬಣ್ಣ, ಗೋಡೆಗೆ ಒಂದು ಒಡಿಕತ್ತಿ, ಅಷ್ಟೇ. ಹಳೆಯ ಐನ್‌ಮನೆಗಳು ಕೂತ ಜಾಗ ನೋಡಿ. ಹೆಚ್ಚಿನವು ಬೆಟ್ಟದ ತುದಿಯಲ್ಲಿಲ್ಲ, ಗದ್ದೆಯೊಳಗೂ ಇಲ್ಲ, ಗದ್ದೆ ನೋಡುತ್ತಾ ಅದಕ್ಕಿಂತ ಒಂದಿಷ್ಟು ಎತ್ತರದಲ್ಲಿವೆ. ಮುಖ ಪೂರ್ವಕ್ಕೆ. ಹಾಗಾಗಿ ಬೆಳಗಿನ ಬಿಸಿಲು ಕೈಯಾಲೆಗೆ, ಅಂದರೆ ಮುಂದಿನ ಜಗಲಿಗೆ ಬೀಳುತ್ತದೆ, ಮಳೆಗಾಳಿ ಬೆನ್ನಿಗೆ ಬೀಳುತ್ತದೆ. ಕೈಯಾಲೆಯ ಕಂಬಗಳ ನಡುವೆ ದಪ್ಪ ಹಲಗೆಯ ಐಮರ. ಬಂದವರು ಕೂರುವುದು ಅಲ್ಲಿ, ಮನೆಯವರು ಮಳೆ ನೋಡುವುದೂ ಅಲ್ಲೇ. ಎಂಟು ಅಡಿ ಅಗಲದ ಕೈಯಾಲೆ ಮಾಡಿಸಿ, ಕೂರಲು ಒಂದೇ ಒಂದು ಒಳ್ಳೆಯ ಹಲಗೆ ಹಾಕಿಸಿ. ಒಳಗೆ ಹಾಲಿನ ಗಾತ್ರ ಅಷ್ಟೇ ಕಡಿಮೆ ಮಾಡಿ, ಯಾರೂ ಅಲ್ಲಿ ಕೂರುವುದಿಲ್ಲ. ಲೈನ್ ಮನೆಯಲ್ಲಿ ಗಟ್ಟಿ ಮರ ಸಿಕ್ಕರೆ ಅದೇ ಐಮರ ಆಗಲಿ.

ಗಾಜಿನ ಗೋಡೆಗೆ ನನ್ನ ವಿರೋಧ ನೇರವಾಗಿದೆ. ಮಳೆಗಾಲ ಪೂರ್ತಿ ಅದರಲ್ಲಿ ಕಾಣುವುದು ಮಂಜು. ಬಿಸಿಲುಗಾಲದಲ್ಲಿ ಒಳಗೆ ಕಾವು, ಹಕ್ಕಿಗಳು ಬಂದು ಬಡಿದು ಸಾಯುತ್ತವೆ. ಬೆಟ್ಟ ಬೇಕೆಂದರೆ ಕೂತರೆ ಕಣ್ಣಿಗೆ ಸಿಗುವ ಎತ್ತರದಲ್ಲಿ ಒಂದು ಉದ್ದನೆಯ ಕಿಟಕಿ ಇಡಿಸಿ. ಮೇಲಿನ ಜಾಗಕ್ಕೆ ಒಂದು ಕಾಲುದಾರಿ, ಅಲ್ಲೊಂದು ಕಲ್ಲುಬೆಂಚು ಸಾಕು. ಸಂಜೆ ಕಾಫಿ ಹಿಡಿದು ಹತ್ತಿ ಹೋಗಿ.

ಇನ್ನು ಹೆಚ್ಚಿನವರು ಯೋಚಿಸದ ಸಂಗತಿ. ನಿಮ್ಮ ಮನೆ ಮೊದಲ ಹತ್ತು ಹದಿನೈದು ವರ್ಷ ಬೀಗ ಹಾಕಿಯೇ ಇರುತ್ತದೆ, ಅದೂ ಮುಖ್ಯವಾಗಿ ಮಳೆಗಾಲದಲ್ಲಿ. ಹಳೆ ಮನೆಗಳಲ್ಲಿ ದಿನಾ ಒಲೆ ಉರಿಯುತ್ತಿತ್ತು. ಹೊಗೆ ಅಟ್ಟಕ್ಕೆ ಹೋಗಿ ಮರವನ್ನು ಒಣಗಿಸುತ್ತಿತ್ತು, ಹುಳ ಹತ್ತದಂತೆ ನೋಡಿಕೊಳ್ಳುತ್ತಿತ್ತು. ಜನ ಇಲ್ಲದ ಮನೆಗೆ ಆ ಕಾವಲಿಲ್ಲ. ಕಕ್ಕಡ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಕಳೆದು ಬಾಗಿಲು ತೆಗೆದರೆ ಹಾಸಿಗೆ, ಬೀರು, ಚಪ್ಪಲಿ ಎಲ್ಲಕ್ಕೂ ಬೂಷ್ಟು. ಆದ್ದರಿಂದ ಬೀಗ ಹಾಕಿದಾಗಲೂ ಉಸಿರಾಡುವ ಮನೆ ಕಟ್ಟಿ. ಗೋಡೆಯ ಮೇಲ್ಭಾಗದಲ್ಲಿ ಎದುರುಬದುರಾಗಿ ಜಾಲಿ, ಅದಕ್ಕೆ ಒಳಗಿನಿಂದ ಸೊಳ್ಳೆ ಬಲೆ, ಮುಚ್ಚುವ ಬಾಗಿಲು ಬೇಡ. ಫಾಲ್ಸ್ ಸೀಲಿಂಗ್ ಬೇಡವೇ ಬೇಡ, ಇಲಿ ಸಂಸಾರ ಹೂಡುತ್ತದೆ. ಅಡುಗೆಮನೆಯಲ್ಲಿ ಪ್ಲೈವುಡ್ ಬದಲು ಕಡಪ ಕಲ್ಲಿನ ತೆರೆದ ಗೂಡುಗಳು. ಬೀರುಗಳನ್ನು ಹೊರಗೋಡೆಗೆ ಅಂಟಿಸದೆ ಒಳಗೋಡೆಗೆ ಕೊಡಿ. ಪಾಯದ ಮೇಲೆ ತೇವ ತಡೆಯುವ ಪದರ ತಪ್ಪಬಾರದು.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಒಲೆ. ಮನೆಯ ಒಂದು ತುದಿಗೆ ತೋಟ ನೋಡಿಕೊಳ್ಳುವವರಿಗೆ ಒಂದು ಕೋಣೆ, ಅಡುಗೆಮನೆ, ಬಚ್ಚಲು ಕಟ್ಟಿಕೊಡಿ. ಅವರ ಬಚ್ಚಲ ಒಲೆಯ ಹಂಡೆಯಿಂದಲೇ ನಿಮಗೂ ಬಿಸಿನೀರು ಬರಲಿ. ಉರುವಲಿಗೆ ಕಾಫಿ ಗಿಡ ಸವರಿದ ಕಡ್ಡಿ, ನೆರಳು ಮರದ ಕೊಂಬೆ ತೋಟದಲ್ಲೇ ಬೇಕಾದಷ್ಟು. ಮಂಗ ಸರಿಸಿದ ಹಂಚನ್ನು ಅದೇ ದಿನ ನೋಡುವ ಕಣ್ಣೂ ಸಿಕ್ಕಿತು. ಆ ಕೋಣೆಯನ್ನು ನಿಮ್ಮ ಕೋಣೆಯಷ್ಟೇ ಚೆನ್ನಾಗಿ ಕಟ್ಟಿ. ಲೈನ್ ಮನೆಯ ಕಾಲ ಮುಗಿಯಿತು.

ಮರಗಳ ಬಗ್ಗೆ ಒಂದು ಮಾತು. ಮರ ಉಳಿಸಿ, ಆದರೆ ಮನೆಗೆ ತೀರ ಹತ್ತಿರ ಎತ್ತರದ ಮರ ಇರಬಾರದು. ಸಿಲ್ವರ್ ಓಕ್ ಗಾಳಿಗೆ ಬೇಗ ಮುರಿಯುತ್ತದೆ. ಕಣದ ಅಂಚಿನಲ್ಲಿ ಅತ್ತಿ, ಬಳಂಜಿ, ಹಲಸು ಇದ್ದರೆ ಮಾರ್ಚ್‌ನಲ್ಲಿ ಕೊಂಬೆ ಸವರಿಸಿ. ಪೂರ್ತಿ ಕಡಿಯುವ ಮೊದಲು ಅರಣ್ಯ ಇಲಾಖೆಯನ್ನು ಕೇಳಬೇಕು. ಬಾಣೆ (ಹಿಂದೆ ಗದ್ದೆಯ ಜೊತೆಗೆ ಕೊಟ್ಟ ಮರಗಾಡಿನ ಜಾಗ) ಆಗಿದ್ದರೆ ಮರದ ಹಕ್ಕೇ ನಿಮ್ಮದಲ್ಲದೆ ಇರಬಹುದು. ಪಹಣಿಯಲ್ಲಿ ಜಮೀನಿನ ಬಗೆ ಜಮ್ಮವೋ, ಬಾಣೆಯೋ, ಸಾಗುವೋ ನೋಡಿ, ಭೂ ಪರಿವರ್ತನೆ ಬೇಕಾ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಪಟ್ಟಿಯಲ್ಲಿ ಕೊಡಗಿನ ಹಲವು ಊರುಗಳಿವೆ, ನಿಮ್ಮ ಊರು ಇದೆಯಾ ಅದನ್ನೂ ವಿಚಾರಿಸಿ.

ಸೋಲಾರ್ ಹಾಕಿಸಿ, ಕಣದಲ್ಲಿ ಬಿಸಿಲಿದೆ. ಆದರೆ ಜುಲೈಯಲ್ಲಿ ಅದನ್ನೇ ನಂಬಿ ಕೂರಬೇಡಿ. ಮರ ಬಿದ್ದು ತಂತಿ ಹರಿದರೆ ಆ ಕಡೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಬಿಸಿಲೂ ಇರುವುದಿಲ್ಲ. ದೀಪ, ಫೋನು, ಪಂಪಿಗೆ ಸಾಕಾಗುವ ಬ್ಯಾಟರಿ ಇಟ್ಟುಕೊಳ್ಳಿ. ಹೊರಗಿನ ದೀಪಗಳು ನೆಲ ನೋಡುವಂತಿರಲಿ.

ಹೋಂಸ್ಟೇ ವಿಷಯ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಆತಿಥ್ಯ ಮಾಡಲು ಮನೆಯವರು ಅಲ್ಲೇ ಇರಬೇಕು. ನೀವು ಬೆಂಗಳೂರಿನಲ್ಲಿದ್ದು ನಡೆಸಿದರೆ ಅದು ಹೋಂಸ್ಟೇ ಹೇಗಾಗುತ್ತದೆ? ಅಲ್ಲಿಗೇ ಬಂದು ನೆಲೆಸಿದ ಮೇಲೆ ಯೋಚಿಸಿ. ಈಗಲೇ ಆ ನೆಪದಲ್ಲಿ ನಾಲ್ಕು ಬಾತ್‌ರೂಮ್ ಕಟ್ಟಿಸಬೇಡಿ. ಗುಂಡಿಯೂ ಬಾವಿಯೂ ಅಷ್ಟು ಜನರನ್ನು ತಡೆಯುವುದಿಲ್ಲ.

ಕಂಟ್ರಾಕ್ಟರಿಗೆ ಈ ವರ್ಷ ಅಡ್ವಾನ್ಸ್ ಕೊಡಬೇಡಿ. ಜುಲೈ ಕೊನೆಗೆ ಒಂದು ವಾರ ರಜೆ ಹಾಕಿ ಬನ್ನಿ. ಜಿಗಣೆಗೆ ಸುಣ್ಣ ಹೊಗೆಸೊಪ್ಪು ಸವರಿಕೊಂಡು, ಕೊಡೆ ಹಿಡಿದು ಕಣದ ಸುತ್ತ ನಡೆಯಿರಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ ಎಂದು ಕಾಗದದ ಮೇಲೆ ಗುರುತು ಹಾಕಿ. ಮನೆಯ ನಕ್ಷೆ ಬರೆಯುವವರಿಗೆ ಕೊಡಬೇಕಾದ ಮೊದಲ ಕಾಗದ ಅದೇ. ಡಿಸೆಂಬರಿನಲ್ಲಿ ಪಾಯ ತೆಗೆಸಿ, ಜನವರಿ ಫೆಬ್ರವರಿಯಲ್ಲಿ ಇಟ್ಟಿಗೆ ಒತ್ತಿಸಿ. ಆಗ ಕಾಫಿ ಕುಯ್ಲು, ಆಳು ಸಿಗುವುದು ಕಷ್ಟ. ಹಾಗಾಗಿ ಇಟ್ಟಿಗೆಯವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಮೇ ತಿಂಗಳ ನಡುವಿನ ಹೊತ್ತಿಗೆ ಮಾಡಿಗೆ ಹಂಚು ಏರಿರಬೇಕು. ಅಷ್ಟರಲ್ಲಿ ಆಗದಿದ್ದರೆ ಗೋಡೆ ತಲೆಗೆ ಟಾರ್ಪಾಲು ಕಟ್ಟಿ ನಿಲ್ಲಿಸಿ, ಉಳಿದದ್ದನ್ನು ನವೆಂಬರಿಗೆ ನೋಡಿಕೊಳ್ಳಿ.